ಟೀವಿಯೊಳಗಿಂದ ಚಾಚಿದ ಕೈ

ನನಗಾಗ ಐವತ್ತು ದಾಟಿತ್ತು. ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅಂದಿನಂತೆ ಇಂದೂ ನನ್ನ ಸೊಂಟದಲ್ಲಿ ಅದೇ ಎಲೆಅಡಿಕೆ ಸಂಚಿ ಇದೆ, ಮೊದಲು ಯಾವ ಬಣ್ಣವಿತ್ತೆಂದು ಹೇಳಲಾಗದಷ್ಟು ಹಳೆಯದು. ನೋಡಿದವರು ನನ್ನದೆಂದುಕೊಳ್ಳುತ್ತಾರೆ. ಅರ್ಧ ಮಾತ್ರ ನನ್ನದು, ಇನ್ನರ್ಧ ಈರಕ್ಕನದು.

ಈರಕ್ಕ ಪರಶುರಾಂಪುರದವಳು, ನಾನು ಬಿ.ಜಿ. ಕೆರೆಯವಳು. ಮದುವೆಮನೆಗಳಲ್ಲಿ, ಕುರಿಹಟ್ಟಿಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದೆವು. ಅವಳು ಒಂದು ಸಾಲು ಹೇಳಬೇಕು, ನಾನು ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ಅಷ್ಟರಲ್ಲಿ ಅವಳು ಉಸಿರು ತುಂಬಿಕೊಂಡು, ಎಡಗೈಯನ್ನು ನನ್ನ ಕಡೆ ಚಾಚಿ, ನಾನಿತ್ತ ಎಲೆಚೂರನ್ನು ಬಾಯಿಗೆ ಹಾಕಿಕೊಂಡು, ಮುಂದಿನ ಸಾಲನ್ನು ನೆನಪಿನ ಆಳದಿಂದ ಸೇದಿಕೊಳ್ಳಬೇಕು. ಹಾಡೆಂದರೆ ನಮಗೆ ಇಬ್ಬರ ನಡುವೆ ಹೋಗಿಬರುವ ಮಗ್ಗದ ಲಾಳಿ.

ನಮ್ಮ ಹಾಡಿನ ಸುದ್ದಿ ಕೇಳಿ ಬಂದ ಟೀವಿಯವರಿಗೆ ಇದು ತಿಳಿಯಲಿಲ್ಲ. ಹೇಳಿದ್ದನ್ನೇ ಹೇಳಲು ಇನ್ನೊಬ್ಬಳೇಕೆ ಎಂದು ಅವಳೊಬ್ಬಳನ್ನೇ ಬೆಂಗಳೂರಿಗೆ ಕರೆದೊಯ್ದರು. ಅವಳೂ ನನಗೊಂದು ಮಾತು ಹೇಳಿಕಳಿಸದೆ ಹೋದಳು. ಇನ್ನು ಅವಳ ಬೆನ್ನಿಗೆ ಹಾಡುವುದಿಲ್ಲ ಎಂದು, ಮುಂದಿನ ತಿಂಗಳ ಮದುವೆಗೆ ನಮ್ಮಿಬ್ಬರನ್ನೂ ಕರೆಯಲು ಬಂದವರನ್ನು ಬಾಗಿಲಿಂದಲೇ ತಿರುಗಿಸಿದೆ.

ಅವಳು ಮೊದಲ ಸಲ ಟೀವಿಯಲ್ಲಿ ಬಂದಾಗ ನಾನು ನೋಡಲಿಲ್ಲ. ನೋಡಿದವರಿಗೆ ಹುಚ್ಚು ಹಿಡಿಯಿತು. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು. ಎರಡನೆಯ ಸಲ ಬಂದ ಸಂಜೆ ನಾನು ಮೊಳಕಾಲ್ಮೂರಿನಲ್ಲಿ, ಸೀರೆ ನೇಯುವ ತಂಗಿಮಗಳು ಪದ್ದಮ್ಮನ ಮನೆಯಲ್ಲಿದ್ದೆ. ಮನೆಯ ಅರ್ಧ ಮಗ್ಗ, ಮಿಕ್ಕರ್ಧ ಓಣಿಯ ಹೆಂಗಸರು. ಜಾಗ ಸಿಗದವರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದರು.

"ನೋಡ್ರೆ, ಈಗ ಕೈ ಚಾಚ್ತಾಳೆ!" ಎಂದಳು ಪದ್ದಮ್ಮ.

ಈರಕ್ಕ ಒಂದು ಸಾಲು ಹಾಡಿ ನಿಂತಳು. ಎಡಗೈ ಅಂಗೈ ಮೇಲಾಗಿ ಪಕ್ಕಕ್ಕೆ ಚಾಚಿತು, ಕಾಯಿತು, ಬರಿದಾಗಿಯೇ ಮಡಚಿಕೊಂಡಿತು. ಮನೆಯ ಹೆಂಗಸರೆಲ್ಲ ಹಾಗೆಯೇ ಕೈ ಚಾಚಿದರು.

"ಏನ್ ವೈಯ್ಯಾರ ಐತೆ ಆ ಕೈನಾಗೆ!"

"ವೈಯ್ಯಾರನೂ ಇಲ್ಲ, ಮಣ್ಣೂ ಇಲ್ಲ. ಎಲೆ ಕೇಳ್ತೈದಾಳೆ" ಎಂದೆ.

"ಸುಮ್ಕಿರು ದೊಡ್ಡವ್ವ, ಹಾಡು ಕೇಳಾನ."

ಮುಂದಿನ ಸಾಲು ಮುಗಿದು ಮತ್ತೆ ಆ ಕೈ ಬಂತು. ನನ್ನ ಗಂಟಲು ನನ್ನನ್ನು ಕೇಳದೆ ಸಾಲನ್ನು ಎತ್ತಿಕೊಂಡಿತು.

"ಅಯ್ಯೋ, ಟೀವಿ ಜೊತಿ ಪೈಪೋಟಿಗೆ ನಿಂತೈತೆ ಮುದುಕಿ!" ಎಂದು ಗುಂಡಿಯ ಕಡೆಯಿಂದ ಯಾರೋ ನಕ್ಕರು. ಪದ್ದಮ್ಮ ಮಾತ್ರ ಟೀವಿ ಬಿಟ್ಟು ನನ್ನ ಸೊಂಟ ನೋಡಿದಳು.

"ಅವ್ಳು ಕೈ ಚಾಚೋದು ಆ ಸಂಚಿಗಾ, ದೊಡ್ಡವ್ವ?"

"ಹೂಂ. ಮತ್ಯಾತಕ್ಕೆ?"

ಬರಿಗೈಯನ್ನೂ ಜನ ಕಲೆಯೆಂದು ಮೆಚ್ಚಬಲ್ಲರು. ಅವರದು ತಪ್ಪೆನ್ನಲಾರೆ, ಆ ಕೈ ನೋಡಲು ಚೆನ್ನಾಗಿಯೇ ಇತ್ತು. ಆದರೆ ಇಷ್ಟೊಂದು ಅಭಿಮಾನಿಗಳಿದ್ದೂ ಅದಕ್ಕೊಂದು ಎಲೆ ಇಡುವವರಿಲ್ಲವಲ್ಲ ಎಂದು ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಹುಡುಕಿದರೆ ಅಲ್ಲಿ ಈರಕ್ಕ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ಇಳಿದು, ಎಳೆ ಎಲೆ ಕೊಂಡು ಸಂಚಿಗೆ ತುಂಬಿ, ಪರಶುರಾಂಪುರದ ಬಸ್ಸು ಹತ್ತಿದೆ. ಬೆಂಗಳೂರಿನಿಂದ ಮರಳಿದ್ದ ಈರಕ್ಕ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ಕಂಡವಳೇ ಎಡಗೈ ಚಾಚಿದಳು.

"ಮೊದ್ಲು ನಾ ತಿರುಗಿಸಿ ಕಳ್ಸಿದ ಮದುವಿ ಮನೆಯೋರಿಗೆ ಹೇಳಿಕಳ್ಸು, ಇಬ್ರೂ ಬರ್ತೀವಂತ" ಎಂದು ಹೇಳಿ, ಆ ಕೈಗೆ ಎಲೆ ಇಟ್ಟೆ.