ಅರಬ್ಬೀ ಸಮುದ್ರದಲ್ಲಿ ರಾಗಿ

ಟಿಕ್. ಟಿಕ್ ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಪಾಂಡವಪುರದ ಹತ್ತಿರದ ನಮ್ಮ ಮನೆಯಲ್ಲಿ, ಕೊಟ್ಟಿಗೆಗೆ ಅಂಟಿಕೊಂಡಿದ್ದ ಕೋಣೆಯಿಂದ ರಜೆಯ ದಿನಗಳಲ್ಲಿ ಮಧ್ಯಾಹ್ನವೆಲ್ಲ ಆ ಸದ್ದು ಬರುತ್ತಿತ್ತು. ಹೊಸಬರು ಯಾರಾದರೂ ಬಂದರೆ ಹಲ್ಲಿ ಎಂದುಕೊಳ್ಳುತ್ತಿದ್ದರು. ಹಲ್ಲಿಯಲ್ಲ, ನನ್ನ ನಾದಿನಿ. ಅಂಗೈಯಲ್ಲಿ ಅಡಗುವಂಥ ಉಕ್ಕಿನ ಕೌಂಟರ್ ಹಿಡಿದು, ಮೈಕ್ರೋಸ್ಕೋಪಿನ ಮೇಲೆ ಬಾಗಿ, ಒಂದು ಹನಿ ನೀರಿನಲ್ಲಿರುವ ಜೀವಗಳನ್ನು ಎಣಿಸುತ್ತಿದ್ದಳು. ಒಂದು ಜೀವಕ್ಕೆ ಒಂದು ಟಿಕ್. ಗುಂಡಿ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಕಬ್ಬು ಕಡಿಯುವವರ ಬೆರಳಿನಂತೆ ಗಡುಸಾಗಿತ್ತು.

ಮೈಕ್ರೋಸ್ಕೋಪಿನಲ್ಲಿ ನೋಡುವಾಗ ನಾನು ಒಂದು ಕಣ್ಣು ಮುಚ್ಚುತ್ತಿದ್ದೆ. ಅವಳು ಬೈಯುತ್ತಿದ್ದಳು. ಎರಡೂ ಕಣ್ಣು ತೆರೆದೇ ನೋಡಬೇಕಂತೆ. ಬೇಕಾದ್ದನ್ನು ಒಂದು ಕಣ್ಣು ನೋಡುತ್ತದೆ, ಇನ್ನೊಂದು ತಾನಾಗಿ ಸುಮ್ಮನಾಗುತ್ತದೆ. ನನಗೆ ಕೊನೆಗೂ ಅದು ಬರಲಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರುಗಳು ಕಲಿಸಿದ ಜಾಗ್ರಫಿಯಲ್ಲಿ ಸಮುದ್ರವೆಂದರೆ ಮ್ಯಾಪಿನ ಮೇಲೆ ನೀಟಾಗಿ ಹಚ್ಚಬೇಕಾದ ನೀಲಿ ಬಣ್ಣ. ದಡದ ಅಂಚಿಗೆ ಸ್ವಲ್ಪ ಡಾರ್ಕ್, ಒಳಗೆಲ್ಲ ಲೈಟ್. ಆ ಲೈಟ್ ಬ್ಲೂ ಕೆಳಗೆ ಏನಿದೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಗಂಡನ ತಂಗಿ ಮೈಸೂರಿನಲ್ಲಿ ಜುವಾಲಜಿ ಓದುತ್ತಿದ್ದಳು. ಅವಳೂ ಸಮುದ್ರ ನೋಡಿರಲಿಲ್ಲ. ಆದರೆ ಅವಳ ತಲೆಯಲ್ಲಿ ಅದರ ಹೊರತು ಬೇರೇನೂ ಇರಲಿಲ್ಲ.

ಅವರೆಕಾಯಿ ಸುಲಿಯಲು ಮನೆಮಂದಿಯೆಲ್ಲ ಜಗುಲಿಯಲ್ಲಿ ಕುಳಿತರೆ ಕಥೆ ಅವಳದೇ. ಹಿಂದೆ ಒಂದು ಹಡಗು ಮೂರು ವರ್ಷಕ್ಕೂ ಹೆಚ್ಚು ಕಾಲ ಭೂಮಿಯನ್ನೆಲ್ಲ ಸುತ್ತಿತಂತೆ, ಯುದ್ಧಕ್ಕಲ್ಲ, ವ್ಯಾಪಾರಕ್ಕಲ್ಲ, ಸಮುದ್ರದ ಆಳ ಅಳೆಯಲು. ಹಗ್ಗದ ತುದಿಗೆ ಭಾರ ಕಟ್ಟಿ ಇಳಿಬಿಡುವುದು, ಮುಟ್ಟಿತೇ ನೋಡುವುದು, ಎಳೆಯುವುದು. ಎಷ್ಟೋ ಹೊತ್ತು ಹಿಡಿಯುವ ಬೇಸರದ ಕೆಲಸ. ಸಿಕ್ಕಿದ ಬಂದರಿನಲ್ಲಿ ನಾವಿಕರು ಇಳಿದು ಓಡಿಹೋಗುತ್ತಿದ್ದರಂತೆ. ಅದಕ್ಕೂ ಮುಂಚೆ, ಒಂದು ಆಳದ ಕೆಳಗೆ ಕತ್ತಲಲ್ಲಿ ಜೀವವೇ ಇರುವುದಿಲ್ಲ ಎಂದು ದೊಡ್ಡ ದೊಡ್ಡವರೇ ನಂಬಿದ್ದರಂತೆ. ಆಮೇಲೆ ತಳದಲ್ಲಿ ತುಂಡಾದ ಟೆಲಿಗ್ರಾಫ್ ತಂತಿಯೊಂದನ್ನು ರಿಪೇರಿಗೆಂದು ಮೇಲಕ್ಕೆತ್ತಿದರೆ ಅದಕ್ಕೆ ಪ್ರಾಣಿಗಳು ಅಂಟಿಕೊಂಡು ಬೆಳೆದಿದ್ದವಂತೆ.

ಮಾವನವರು ಎಲ್ಲ ಕೇಳಿಸಿಕೊಂಡು ಒಮ್ಮೆ ಕೇಳಿದರು, “ಅಲ್ಲ ಮಗಾ, ತಳ ಅದೆ ಅಂತ ಅವ್ರ್‌ಗೆ ಯೋಳ್ದೋರ್ಯಾರು?”

“ಯಾರೂ ಯೋಳ್ಳಿಲ್ಲ ಕಣಪ್ಪ. ಅದ್ಕೇಯ ಓಗಿದ್ದು.”

ಕಣ್ಣಿಗೆ ಕಾಣದ ನೀರಜೀವಗಳನ್ನು ಹಿಡಿಯುವ ಅವಳ ಮೊದಲ ಬಲೆ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ. ನನ್ನ ಮೊದಲ ಮಗುವಿಗೆ ಅತ್ತೆ, ಅಂದರೆ ನಾವೆಲ್ಲ ಅವ್ವ ಎನ್ನುತ್ತಿದ್ದವರು, ರಾಗಿ ಸರಿ ಮಾಡುತ್ತಿದ್ದರು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಪಾತ್ರೆಯ ಬಾಯಿಗೆ ಹಳೆ ಸೀರೆಯ ತೆಳುಬಟ್ಟೆ ಬಿಗಿದು ಅದರ ಮೇಲೆ ಹಿಟ್ಟು ಸುರಿದು ಮೆಲ್ಲಗೆ ಕೈಯಾಡಿಸುವುದು. ಒಂದು ತರಿಯೂ ಮಗುವಿನ ಹೊಟ್ಟೆಗೆ ಹೋಗಬಾರದು. ನಾದಿನಿ ಆ ಬಟ್ಟೆಯನ್ನು ಎತ್ತಿಕೊಂಡು ಹೋಗಿ, ಬಾಯಿ ಅಗಲ, ಬಾಲ ಚೂಪು ಮಾಡಿ ಹೊಲಿದು, ತುದಿಗೆ ಒಂದು ಬಾಟಲಿ ಕಟ್ಟಿ, ತೊಣ್ಣೂರು ಕೆರೆಯಲ್ಲಿ ಎಳೆದಳು. ಅವ್ವ ಕೂಗಾಡಿದರು. ಇವಳು ಜಂಬದಿಂದ ಹೇಳಿದಳು, ಈ ಬಲೆ ಕಂಡುಹಿಡಿದ ವಿದೇಶದ ವಿಜ್ಞಾನಿಗಳೂ ಮೊದಮೊದಲು ಹಿಟ್ಟಿನ ಗಿರಣಿಯವರ ರೇಷ್ಮೆ ಜರಡಿಬಟ್ಟೆಯನ್ನೇ ತಂದು ಹೊಲಿದದ್ದಂತೆ. ಅವ್ವನಿಗೆ ಆ ಮಾತು ಎಷ್ಟು ಗಟ್ಟಿಯಾಗಿ ನಾಟಿತೆಂದು ನಮಗೆ ಆಗ ತಿಳಿಯಲಿಲ್ಲ.

ಅವಳಿಗೆ ಕೊಚ್ಚಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹಲವು ದೇಶಗಳ ಹಡಗುಗಳು ಹಿಂದೂ ಮಹಾಸಾಗರವನ್ನು ಜಾಲಾಡಿ ತುಂಬಿಟ್ಟಿದ್ದ ಸಾವಿರಾರು ಬಾಟಲಿಗಳು ಆ ಊರಿನಲ್ಲಿದ್ದವು. ಹುಡುಗಿಯರು ಕುಳಿತು ಅವನ್ನು ಬಿಡಿಸುತ್ತಿದ್ದರು, ಎಣಿಸುತ್ತಿದ್ದರು. ಹಡಗು ಹತ್ತುತ್ತಿದ್ದವರು ಮಾತ್ರ ಗಂಡಸರು. ಹೆಂಗಸರಿಗೆ ಬೇರೆ ಕ್ಯಾಬಿನ್ ಇಲ್ಲ, ಬೇರೆ ಬಾತ್‌ರೂಮ್ ಇಲ್ಲ, ಇವೇ ಕಾರಣಗಳು. ನಾದಿನಿ ಬಿಡಲಿಲ್ಲ. ವರ್ಷಗಟ್ಟಲೆ ಕೇಳಿದಳು. ಕೊನೆಗೆ ಅಲ್ಲಿನ ಮುಖ್ಯಸ್ಥರು, ಅವಳ ಬಾಯಲ್ಲಿ ‘ನಮ್ಮ ಸಾರ್’, ಒಪ್ಪಿದರು. ಮೊದಲು ಒಂದು ಚಿಕ್ಕ ಟ್ರಿಪ್ಪು. ಅದರಲ್ಲಿ ಕೆಲಸ ಚೆನ್ನಾಗಾದರೆ ಬೇಸಿಗೆಯಲ್ಲಿ ದೂರದ ದಕ್ಷಿಣಕ್ಕೆ ಹೋಗುವ ದೊಡ್ಡ ಕ್ರೂಸಿನಲ್ಲಿ ಒಂದು ಬರ್ತು.

ಚಿಕ್ಕ ಟ್ರಿಪ್ಪಿಗೆ ಮುಂಚೆ ಮಾರ್ನಮಿ ಹಬ್ಬಕ್ಕೆಂದು ಮನೆಗೆ ಬಂದಳು. ಬಲೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಅದನ್ನೂ ತಂದಿದ್ದಳು. ಈಗ ನಮ್ಮ ಸೀರೆಬಟ್ಟೆಯಲ್ಲ, ವಿದೇಶದ ನೈಲಾನು. ಬೆಳಕಿಗೆ ಹಿಡಿದರೂ ಕಣ್ಣಿಗೆ ತೂತು ಕಾಣದು. ಹೊಲಿದು, ಹಿತ್ತಲ ತಂತಿಯ ಮೇಲೆ ನೇತುಹಾಕಿದ್ದಳು. ಹಬ್ಬ ಮುಗಿಸಿ ಮಡಿಸಿಕೊಂಡು ಹೋದಳು.

ಮತ್ತೆ ಬಂದದ್ದು ಸಂಕ್ರಾಂತಿಗೆ. ಮುಖದಲ್ಲಿ ಬೆಳಕೂ ಇತ್ತು, ಏನೋ ಕಿರಿಕಿರಿಯೂ ಇತ್ತು. ಟ್ರಿಪ್ಪಿನಲ್ಲಿ ಅವಳ ಬಲೆಗೆ ಹಿಂದೆ ಯಾರೂ ನೋಡಿರದ ಏನೋ ಬಿದ್ದಿತ್ತು. ಮೂಲೆ ಮೂಲೆಯಾದ, ಗಾಜಿನಂಥ ಕಾಳುಗಳು, ಗೊಂಚಲು ಗೊಂಚಲು. ಯಾವುದೋ ಜೀವಿಯ ಮೊಟ್ಟೆಯಿರಬಹುದು ಎಂದು ಸಾರ್ ಥ್ರಿಲ್ ಆಗಿದ್ದರು. ಪೇಪರ್ ಬರೆಯೋಣ, ನಿನ್ನ ಹೆಸರೂ ಇರುತ್ತದೆ, ದಕ್ಷಿಣದ ಬರ್ತು ನಿನ್ನದೇ ಎಂದಿದ್ದರು.

“ಮತ್ತೆ ಮುಖ ಯಾಕೆ ಹೀಗೆ?” ಎಂದೆ.

“ಮೊದಲ್ನೇ ಜಾಗದಲ್ಲಿ ರಾಶಿ ಸಿಕ್ತು ಅತ್ಗೆ. ಎರಡ್ನೇದ್ರಲ್ಲಿ ಅರ್ಧ. ಆಮೇಲಾಮೇಲೆ ಇಲ್ವೇ ಇಲ್ಲ. ಸಮುದ್ರ ಇಂಗೆ ಕಮ್ಮಿ ಆಗಲ್ಲ. ಏನೋ ತೊಳ್ಕೊಂಡು ಓಗಿರಂಗದೆ.”

ನಾನು ತೊಡೆಯ ಮೇಲೆ ಎರಡನೆಯ ಮಗುವನ್ನು ಹಾಕಿಕೊಂಡು ರಾಗಿ ಸರಿ ತಿನ್ನಿಸುತ್ತಿದ್ದೆ. ಅವಳಿಗೊಂದು ಅಭ್ಯಾಸವಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಮೈಕ್ರೋಸ್ಕೋಪಿನ ಕೆಳಗೆ ಇಡುವುದು. ಮೊಸರು, ಎಮ್ಮೆಯ ಬಾಲದ ಕೂದಲು, ಮಾವನವರ ನಶ್ಯ, ಯಾವುದನ್ನೂ ಬಿಟ್ಟವಳಲ್ಲ. ಮಾತಾಡುತ್ತಲೇ ಮಗುವಿನ ಗಲ್ಲದ ಮೇಲೆ ಇಳಿದಿದ್ದ ಸರಿಯನ್ನು ಬೆರಳಲ್ಲಿ ಒರೆಸಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಒಂದೂ ಟಿಕ್ ಕೇಳಿಸಲಿಲ್ಲ. ಆಮೇಲೆ ಡಬ್ಬದಲ್ಲಿ ಉಳಿದಿದ್ದ, ಬೇಯಿಸದ ಸರಿಹಿಟ್ಟನ್ನೂ ಒಂದು ಚಿಟಿಕೆ ಒಯ್ದಳು. ಆಮೇಲೆ ನನ್ನನ್ನು ಕರೆದಳು.

ಒಂದು ಗಾಜಿನ ಮೇಲೆ ಅವಳು ಸೀಸೆಯಲ್ಲಿ ತಂದಿದ್ದ ಅರಬ್ಬೀ ಸಮುದ್ರ, ಇನ್ನೊಂದರ ಮೇಲೆ ನಮ್ಮ ಮನೆಯ ಸರಿಹಿಟ್ಟು. ನನ್ನಂಥ ದಡ್ಡಿಗೂ ಗೊತ್ತಾಯಿತು, ಎರಡೂ ಒಂದೇ. ಅವಳು ದನಗಳ ಗಾಯಕ್ಕೆ ಇಟ್ಟಿದ್ದ ಅಯೋಡಿನ್ ಸೀಸೆ ತಂದು ಎರಡಕ್ಕೂ ಒಂದೊಂದು ತೊಟ್ಟು ಬಿಟ್ಟಳು. ಎರಡೂ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಪಿಷ್ಟವಿದ್ದರೆ ಹಾಗೆ ತಿರುಗುತ್ತದಂತೆ.

ಅವ್ವನನ್ನು ಕೇಳಿದರೆ ಅವರು ಮುಚ್ಚಿಡಲೇ ಇಲ್ಲ. ಹೌದು, ಮಾರ್ನಮಿಯಲ್ಲಿ ಆ ಬಲೆಯಲ್ಲೇ ಹಿಟ್ಟು ಸೋಸಿದ್ದು. ಜನ್ಮದಲ್ಲಿ ಅಷ್ಟು ನುಣ್ಣಗೆ ಸರಿಹಿಟ್ಟು ಬಂದಿರಲಿಲ್ಲ. ತೊಳೆದು ಇದ್ದ ಹಾಗೇ ನೇತುಹಾಕಿದ್ದರಂತೆ. ಹೊಲಿಗೆಯ ಸಂದಿಯಲ್ಲಿ ಕೂತ ಹಿಟ್ಟು ಯಾರ ಕಣ್ಣಿಗೆ ಬೀಳಬೇಕು? “ನನ್ನ ರಾಗಿ ಬಟ್ಟೇನ ನೀನು ಬಲೆ ಮಾಡ್ಕಂಡೆ, ನಿನ್ ಬಲೇನ ನಾನು ರಾಗಿಗೆ ಮಾಡ್ಕಂಡೆ. ಅದ್ರಲ್ಲೇನವ್ವ?” ಎಂದರು. ಮಗಳ ಮುಖ ನೋಡಿದ ಮೇಲೆ ಸರಿಹಿಟ್ಟಿನ ಡಬ್ಬವನ್ನು ಎತ್ತಿ ಒಳಗಿಟ್ಟರು.

ಊಟಕ್ಕೆ ಕುಳಿತಾಗ ನಮ್ಮವರು ತಂಗಿಗೆ ಹೇಳಿದರು, ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿದ್ದುಬಿಡು, ಬರ್ತು ಕೈಗೆ ಬರಲಿ ಮೊದಲು. ಹೇಳಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಹಡಗು ಹತ್ತಿದ ಒಬ್ಬಳೇ ಹೆಂಗಸು ಅಡುಗೆಮನೆಯ ಹಿಟ್ಟನ್ನು ಸಮುದ್ರಕ್ಕೆ ಹೊತ್ತುಕೊಂಡು ಹೋದಳು ಎನ್ನುತ್ತಾರೆ. ಅವಳ ಬಾಗಿಲು ಮಾತ್ರವಲ್ಲ, ಅವಳ ಹಿಂದೆ ನಿಂತಿರುವ ಹುಡುಗಿಯರ ಬಾಗಿಲೂ ಮುಚ್ಚುತ್ತದೆ. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು.

“ನಾಳೆ ಇನ್ಯಾರೋ ಅದೇ ಜಾಗಕ್ಕೋಗಿ ಬಲೆ ಇಳಸ್ತಾರೆ ಅಣ್ಣ. ಇಲ್ದೇ ಇರದನ್ನ ಜಲ್ಮ ಪೂರ್ತಿ ಉಡುಕ್ತಾರೆ,” ಎಂದಳು. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟಳು.

ಹೇಳಿದಳು. ಬರ್ತು ಹೋಯಿತು. ಅವಳಿಗಿಂತ ಆಮೇಲೆ ಸೇರಿದ ಒಬ್ಬ ಹುಡುಗನ ಹೆಸರು ಬಂತು. ಅವಳಿಗೆ ಲ್ಯಾಬಿನಲ್ಲಿ ‘ರಾಗಿ ಮೇಡಂ’ ಎಂದು ಹೆಸರಿಟ್ಟರಂತೆ.

ಸುದ್ದಿ ತಿಳಿದಾಗ ಅವ್ವ ಅಳಲಿಲ್ಲ. ಕೊಚ್ಚಿಗೆ ಹೋಗಬೇಕು ಎಂದರು. ಅಲ್ಲಿಗೆ ಹೋಗಿ ಯಾವ ಭಾಷೆಯಲ್ಲಿ ಮಾತಾಡುತ್ತೀ ಎಂದು ಮಾವನವರು ಕೇಳಿದರೆ ನನ್ನತ್ತ ಕೈ ತೋರಿಸಿ, “ಇವ್ಳವ್ಳಲ್ಲ, ಕಾನ್ವೆಂಟು,” ಎಂದರು. ಮಕ್ಕಳನ್ನು ತವರಿನಲ್ಲಿ ಬಿಟ್ಟು, ಬಸ್ಸು ಹಿಡಿದು, ರೈಲು ಹಿಡಿದು, ನಾವಿಬ್ಬರೂ ಹೋದೆವು. ಕೊಚ್ಚಿಯಲ್ಲಿ ಇಬ್ಬರೂ ಮೊದಲ ಸಲ ಸಮುದ್ರ ಕಂಡೆವು. ನನಗೆ ಏನೇನೋ ಪೊಯೆಟಿಕ್ ಆಗಿ ತೋಚುತ್ತಿತ್ತು. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಇಷ್ಟ್ ನೀರ್ ಮಡೀಕಂಡು ಒಂದ್ ಗದ್ದೆಗೂ ಬುಡಕಾಗಲ್ವಲ್ಲ,” ಎಂದರು. ನಾಲೆ ನೀರಿನ ಸರದಿಗೆ ಕಾದು ಬೆಳೆದವರು.

ಲ್ಯಾಬಿನಲ್ಲಿ ನಮ್ಮನ್ನು ಕಂಡ ನಾದಿನಿ ಬಿಳಿಚಿಕೊಂಡಳು. ಸಾರ್ ಕುರ್ಚಿ ತೋರಿಸಿದರು. ಅವ್ವ ಕೂರಲಿಲ್ಲ.

“ಸ್ವಾಮಿ, ಬಲೇಲಿ ಇಟ್ಟು ಸೋಸ್ದೋಳು ನಾನು. ಅವ್ಳ್‌ಗೆ ಗೊತ್ತಿರ್ನಿಲ್ಲ. ಗೊತ್ತಾದ ಮಾರ್ನೇ ದಿನ್ವೇ ಬಂದು ನಿಮ್ಗೆ ಯೋಳವ್ಳೆ. ಸುಳ್ ಯೋಳಿದ್ರೆ ಕಳುಸ್ತಿದ್ರಿ, ನಿಜ ಯೋಳುದ್ಲು ಅಂತ ಕೂರುಸ್ಬುಟ್ರಿ. ಇದ್ ಯಾವ್ ನ್ಯಾಯ?”

ನಾನು ತರ್ಜುಮೆ ಮಾಡಬೇಕಿತ್ತು. ಸಿಸ್ಟರುಗಳು ಕಲಿಸಿದ್ದ ಇಂಗ್ಲಿಷ್ ಎಲ್ಲ ಲೀವ್ ಲೆಟರಿನದು. ‘ನಮ್ಮ ಅತ್ತೆಯವರು ಆದ ತೊಂದರೆಗೆ ವಿಷಾದಿಸುತ್ತಾರೆ’ ಎಂದು ಶುರುಮಾಡಿದೆ. ಅವ್ವನಿಗೆ ಇಂಗ್ಲಿಷ್ ಬಾರದಿದ್ದರೂ ನನ್ನ ದನಿ ತಿಳಿಯಿತು. ನಾನು ಹೇಳಿದಂಗೇ ಹೇಳು ಎಂದು ಮೊಣಕೈಯಲ್ಲಿ ತಿವಿದರು. ಹೇಳಿದೆ, ಒಂದೊಂದು ಮಾತನ್ನೂ.

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಊರಿನಲ್ಲೂ ಕೂಸುಗಳಿಗೆ ರಾಗಿಯನ್ನೇ ಕೊಡುತ್ತಾರೆ, ತಮ್ಮ ತಾಯಿಯೂ ಹಳೆಯ ಮುಂಡು ಪಂಚೆಯ ಬಟ್ಟೆಯಲ್ಲಿ ಸೋಸಿ ತಿನ್ನಿಸಿ ಬೆಳೆಸಿದರು ಎಂದರು. “ತಿಂದಿದ್ದೆ, ನೋಡಿರಲಿಲ್ಲ,” ಎಂದು ಮೆಲ್ಲಗೆ ನಕ್ಕರು. ಆದರೆ ಹಡಗಿಗೆ ಹೆಸರುಗಳು ಹೋಗಿಯಾಗಿತ್ತು. ಆ ಸಲ ಅವಳು ಹೋಗಲಿಲ್ಲ.

ಹೊರಗೆ ಬಂದ ಮೇಲೆ ನಾದಿನಿ ಅವ್ವನ ಮೇಲೆ ಸಿಟ್ಟಾದಳು. ತಪ್ಪು ನಿನ್ನದು ಎಂದು ಯಾಕೆ ಹೇಳಿದೆ, ಬಲೆಯನ್ನು ನೋಡದೆ ಇಳಿಸಿದವಳು ನಾನು ಎಂದಳು. ಇಬ್ಬರೂ ಜಗಳವಾಡುತ್ತಲೇ ದೋಣಿಕಟ್ಟೆಯವರೆಗೆ ನಡೆದರು.

ಮುಂದೆ ಹೋದಳು, ಹಲವು ಸಲ. ಮೊದಲ ದೊಡ್ಡ ಕ್ರೂಸಿಗೆ ಅವಳನ್ನು ಕಳಿಸಿದವರು ಆ ಸಾರೇ. ಆಮೇಲಿನ ವರ್ಷಗಳಲ್ಲಿ ಅವಳ ಕೈಕೆಳಗೆ ಕಲಿತ ಹುಡುಗಿಯರು ಹಡಗು ಹತ್ತುವುದು ಸುದ್ದಿಯೇ ಅಲ್ಲವಾಯಿತು. ಬಲೆ ಇಳಿಸುವ ಮುಂಚೆ ಶುದ್ಧ ನೀರನ್ನು ಅದರಲ್ಲಿ ಹಾಯಿಸಿ, ಆ ನೀರನ್ನು ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾರನ್ನೂ ಡೆಕ್ಕಿಗೆ ಬಿಡುತ್ತಿರಲಿಲ್ಲವಂತೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ರಿಟೈರ್ ಆದ ಮೇಲೆ ಶ್ರೀರಂಗಪಟ್ಟಣದಲ್ಲಿ ನದಿಗೆ ಹತ್ತಿರ ಚಿಕ್ಕ ಮನೆ ಮಾಡಿದಳು. ಅಷ್ಟು ಹೊತ್ತಿಗೆ ಅವ್ವ, ಮಾವನವರು, ನಮ್ಮವರು ಯಾರೂ ಇರಲಿಲ್ಲ. ನಾವಿಬ್ಬರೂ ಮುದುಕಿಯರು ಕಾಫಿ ಕುಡಿಯುತ್ತ, ಲೋಕದ ಮೇಲೆ ಗಾಸಿಪ್ ಮಾಡುತ್ತ ಕೂರುತ್ತಿದ್ದೆವು. ಸಮುದ್ರದ ತಳದ ನಕ್ಷೆಗಿಂತ ಚಂದ್ರನ ನಕ್ಷೆಯೇ ಈಗಲೂ ಚೆನ್ನಾಗಿದೆ ಎಂದು ಅವಳು ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಮಂಗಳೂರಿನಿಂದ ಹೊರಡುವ ಒಂದು ಹಡಗಿನಲ್ಲಿ ಅವಳ ಶಿಷ್ಯೆಯೇ ಮುಖ್ಯಸ್ಥೆ. ಗೆಸ್ಟ್ ಆಗಿ ಬನ್ನಿ ಮೇಡಂ, ನಾಲ್ಕು ದಿನ ಎಂದು ಕರೆದಳು. ನಾದಿನಿಗೆ ಎದೆಯ ತೊಂದರೆ ಶುರುವಾಗಿತ್ತು. ಹಡಗಿನ ಡಾಕ್ಟರು ಫೋನಿನಲ್ಲಿ ಆರೋಗ್ಯ ಹೇಗಿದೆ ಎಂದು ಕೇಳಿದಾಗ ನಾನು ಎದುರಿಗೇ ಇದ್ದೆ. ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಇಸಿಜಿಯ ವಿವರವನ್ನೆಲ್ಲ ಹೇಳಿದಳು. ಹತ್ತಿಸಿಕೊಳ್ಳಲು ಆಗುವುದಿಲ್ಲ, ಕ್ಷಮಿಸಿ ಎಂದರು.

ಆದರೂ ಬಂದರಿನ ತನಕ ಹೋಗುತ್ತೇನೆಂದು ಕಾರು ಮಾಡಿದಳು. ನನ್ನ ಮಗಳ ಮನೆ ಬೆಳ್ಳೂರು ಕ್ರಾಸಿನ ಹತ್ತಿರ. ಅಲ್ಲಿಗೆ ಬಿಡುತ್ತೇನೆ ಬನ್ನಿ ಎಂದು ನಾಗಮಂಗಲದ ದಾರಿಯಲ್ಲಿ ನನ್ನನ್ನೂ ಕರೆದುಕೊಂಡು ಬಂದಳು. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿಂದೆವು. ಅಷ್ಟು ದೂರ ಹೋಗಿ ದಡದಲ್ಲಿ ನಿಂತು ಬರುವುದು, ಅದೇನು ಖುಷಿ ಎಂದು ಕೇಳಿಬಿಟ್ಟೆ.

“ಯಾವತ್ತೂ ಒಳಗೇ ಇರ್ತಿದ್ನಲ್ಲ ಅತ್ಗೆ. ಅಡಗು ಓಗೋದು ದಡದಿಂದ ಎಂಗ್ ಕಾಣ್ತದೆ ಅಂತ ನೋಡೇ ಇಲ್ಲ. ನೋಡ್ಬೇಕು,” ಎಂದಳು.

ಹೋಗಿ ನೋಡಿ ಬಂದಳು. ಹೇಗಿತ್ತು ಎಂದು ಫೋನಿನಲ್ಲಿ ಕೇಳಿದೆ. ಎದುರಿಗೇ ಹೇಳಬೇಕು, ಶ್ರೀರಂಗಪಟ್ಟಣಕ್ಕೆ ಬನ್ನಿ ಎಂದಳು. ನಾನು ಮಂಡಿನೋವು ಎಂದು ಒಂದು ವಾರ ತಡೆದೆ. ಅಷ್ಟರಲ್ಲಿ ಅವಳು ನಿದ್ದೆಯಲ್ಲೇ ಹೋದಳು.

ಹಾಗಾಗಿ ನಾನು ಅವಳನ್ನು ಕೊನೆಯದಾಗಿ ಕಂಡದ್ದು, ಇಡ್ಲಿ ತಿಂದು ನಾನು ಇಳಿದುಕೊಂಡ ಬೆಳ್ಳೂರು ಕ್ರಾಸಿನಲ್ಲೇ. ಲಾರಿಗಳ ಸಾಲು ಕಳೆಯಲಿ ಎಂದು ಕಾರು ರಸ್ತೆಯ ಅಂಚಿನಲ್ಲಿ ಸ್ವಲ್ಪ ನಿಂತಿತು. ಆಮೇಲೆ ಹಾಸನದ ಕಡೆಗೆ ತಿರುಗಿತು. ನಾನು ಕೈ ಎತ್ತಿದೆ. ಅವಳು ನೋಡಲಿಲ್ಲ. ಮುಂದಕ್ಕೆ ಬಾಗಿ, ಸೀಟು ಹಿಡಿದುಕೊಂಡು, ಆಗಲೇ ಡ್ರೈವರನ್ನು ಏನೋ ಕೇಳುತ್ತಿದ್ದಳು.