ಅಪ್ಪನ ಉಗುರಿನ ಅರಗು

ಕೊಳಕನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವುದೇ ನನ್ನ ಕೆಲಸ. ಮಸ್ಕತ್‌ನಲ್ಲಿ ತಿಂಡಿ ಪ್ಯಾಕ್ ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೇನೆ. ಕೆಲಸಗಾರರ ಅಂಗೈಗೆ ಹತ್ತಿ ಸವರಿ, ಅದನ್ನು ತಟ್ಟೆಗೆ ಒರೆಸಿ, ಎರಡು ದಿನ ಬೆಚ್ಚಗಿಟ್ಟರೆ ಬಿಳಿ, ಹಳದಿ, ಬೂದು ಚುಕ್ಕೆಗಳು ಏಳುತ್ತವೆ. ಒಮ್ಮೆ ಅದನ್ನು ಕಂಡ ಮೇಲೆ ಮನುಷ್ಯರ ಕೈ ನನಗೆ ಬರೀ ಕೈಯಾಗಿ ಕಂಡಿಲ್ಲ. ಮಗಳು ಹುಟ್ಟಿದ ಮೇಲೆ ಮೊದಲ ಸಲ ರಜೆಗೆ ಚನ್ನಪಟ್ಟಣಕ್ಕೆ ಹೊರಟಾಗ ಒಂದು ಇಡೀ ಸೂಟ್‌ಕೇಸಿಗೆ ಒದ್ದೆ ಟಿಶ್ಯೂ, ಸ್ಯಾನಿಟೈಜರ್, ಹಾಲಿನ ಬಾಟಲಿ ಕುದಿಸುವ ಯಂತ್ರ, ಮಗುವಿನ ಡಬ್ಬಿ ಊಟ ತುಂಬಿದೆ. ಗಂಡ ನೋಡಿ, "ಊರಿಗೆ ಹೋಗ್ತಿದೀವೋ, ಆಪರೇಷನ್ ಥಿಯೇಟರಿಗೋ?" ಎಂದ. ನಾನು ಇನ್ನೊಂದು ಕಟ್ಟು ಟಿಶ್ಯೂ ತುರುಕಿದೆ.

ನಾವು ಊರು ಊರು ಎನ್ನುತ್ತೇವೆ, ಮಗಳಿಗೆ ಅದು ಪರದೇಶ. ಅವಳಿಗೆ ಎರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಮಾತು ತಡ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಮಿಕ್ಕಂತೆ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

ವಿಮಾನ ನಿಲ್ದಾಣದಿಂದ ಬರುವಾಗ ಗಂಡನಿಗೆ ಬಿಡದಿಯ ತಟ್ಟೆ ಇಡ್ಲಿ ಬೇಕೆಂಬ ಹಟ. ಹೈವೇ ಬಿಟ್ಟು ಹಳೇ ರಸ್ತೆಗೆ ಇಳಿದೆವು. ಹೋಟೆಲಿನವನು ಯಾವುದರಿಂದ ಮೇಜು ಒರೆಸಿದನೋ ಅದನ್ನು ಬಟ್ಟೆ ಎನ್ನಬಾರದು, ಅದು ಯಾವುದೋ ಕಾಲದಲ್ಲಿ ಬಟ್ಟೆಯಾಗಿತ್ತು. ಒರೆಸಿದ ಮೇಲೆ ಮೇಜು ಮೊದಲಿಗಿಂತ ಅಂಟಾಯಿತು. "ಛೀ" ಎಂದು ಮಗುವನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತೆ. ಗಂಡ ಎರಡು ತಿಂದು, ಮೂರನೆಯದನ್ನು ಕಟ್ಟಿಸಿಕೊಂಡು ಬಂದ. ರಾಮನಗರ ದಾಟುವಾಗ ನೂಲು ಬಿಚ್ಚುವ ಮನೆಗಳ ಕಡೆಯಿಂದ ಬೆಂದ ರೇಷ್ಮೆ ಹುಳುವಿನ ವಾಸನೆ ಕಾರಿನೊಳಕ್ಕೆ ನುಗ್ಗಿತು. ಇದೇ ವಾಸನೆಯಲ್ಲಿ ಮೂರು ವರ್ಷ ಬಸ್ಸಿನ ಕಿಟಕಿ ತೆರೆದುಕೊಂಡು ಕಾಲೇಜಿಗೆ ಹೋಗಿದ್ದವಳು ನಾನು. ಈಗ ಮಗಳ ಮೂಗಿಗೂ ಸೇರಿಸಿ ದುಪಟ್ಟಾ ಮುಚ್ಚಿದೆ.

ಅಪ್ಪ ಬೊಂಬೆ ಮಾಡುವವನು. ಅವ್ವ ತೀರಿಕೊಂಡ ಮೇಲೆ ಅಣ್ಣ ಅತ್ತಿಗೆಯ ಜೊತೆ ಇದ್ದಾನೆ. ಮನೆಯ ಪಕ್ಕದ ಶೀಟಿನ ಕೆಳಗೆ ಅವನ ಲೇತ್ ಮಿಷನ್ನು. ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆ ಗರಿಯಲ್ಲಿ ಉಜ್ಜಿದರೆ ಕನ್ನಡಿಯ ಹೊಳಪು. ನಲವತ್ತು ವರ್ಷದಿಂದ ಇದೇ ಕೆಲಸ. ಕಾರಿನ ಸದ್ದು ಕೇಳಿ, ತಲೆ ತುಂಬ ಮರದ ಹೊಟ್ಟು ಹೊತ್ತುಕೊಂಡು, ಎರಡೂ ಕೈ ಚಾಚಿಕೊಂಡು ಓಡಿ ಬಂದ.

ನಾನು ಮಗುವನ್ನು ಈ ಕಡೆ ತಿರುಗಿಸಿಕೊಂಡೆ. "ಅಪ್ಪ, ಮೊದ್ಲು ಕೈ ತೊಳ್ಕೊ."

"ಅದೂ ಸರಿಯೇ ಕಣವ್ವ. ತೊಳ್ಕಂಡು ಬತ್ತೀನಿ."

ತೊಳೆದುಕೊಂಡು ಬಂದ. ಉಗುರಿನ ಸಂದಿಯಲ್ಲೆಲ್ಲ ಕೆಂಪು, ಹಳದಿ, ಕಪ್ಪು ಗೆರೆ ಹಾಗೆಯೇ ಇತ್ತು. ಅದು ಅರಗು, ಸೋಪಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಮುಖ ಸಿಂಡರಿಸಿದೆ. ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು, ಮಗುವನ್ನು ದೂರದಿಂದಲೇ ನೋಡಿ ನಕ್ಕ.

ನಮ್ಮ ಮನೆಯಲ್ಲಿ ಮಗುವಿಗೆ ಮೊದಲ ಅನ್ನ ಮುಟ್ಟಿಸುವುದು ತಾಯಿಯ ತಂದೆ. ನನ್ನ ಮಗಳಿಗೆ ಅದು ಆಗಿರಲಿಲ್ಲ. ಮಸ್ಕತ್‌ನಲ್ಲಿ ಡಬ್ಬಿಯ ಊಟ ಚಮಚದಲ್ಲಿ ಶುರುವಾಗಿತ್ತು, ಅಪ್ಪ ಅದನ್ನು ಫೋನಿನ ಪರದೆಯಲ್ಲಿ ನೋಡಿದ್ದ. ಆ ದಿನ ಊಟಕ್ಕೆ ಕೂತಾಗ ಹೇಳಿದ: "ನಂಗಿನ್ನೇನೂ ಬ್ಯಾಡ ಕಣವ್ವ. ನೀವು ಓಗೋದ್ರೊಳಗೆ ನನ್ ಕೈಯಾಗೆ ಒಂದ್ ತುತ್ತು ಉಣ್ಬುಡ್ಲಿ ಮಗ. ಅಷ್ಟೇಯ."

"ನೋಡಣ ಅಪ್ಪ" ಎಂದೆ. ಬೇಡ ಎನ್ನಲು ಧೈರ್ಯವಿಲ್ಲದವರು ಆಡುವ ಮಾತು ಅದು.

ಹತ್ತು ದಿನ ನಾನು ಆ ಮನೆಯಲ್ಲಿ ಪಹರೆ ಕಾದೆ. ಪಕ್ಕದ ಮನೆಯ ಅಜ್ಜಿ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡೇ ಮಗುವಿನ ಕೆನ್ನೆಗೆ ಲೊಚಕ್ಕನೆ ಮುತ್ತಿಟ್ಟಳು. ಕೆನ್ನೆಯ ಮೇಲೆ ಕೆಂಪು ಎಂಜಲು. ಅತ್ತಿಗೆ ಹಾಲು ಬಿಸಿಯಿದೆಯೇ ಎಂದು ಬೆರಳು ಅದ್ದಿ ನೋಡಿದಳು, ಆ ಹಾಲನ್ನು ಅವಳೆದುರಿಗೇ ಚೆಲ್ಲಿದೆ. ಮಗು ರಾತ್ರಿ ಅತ್ತಿತೆಂದು ಅವಳು ಬೆಳಿಗ್ಗೆ ಪೊರಕೆಯ ಕಡ್ಡಿ ಮುರಿದು, ಉಪ್ಪು ಮೆಣಸಿನಕಾಯಿ ಸೇರಿಸಿ ದೃಷ್ಟಿ ತೆಗೆಯಲು ಬಂದಳು. ಬಚ್ಚಲು ಗುಡಿಸುವ ಪೊರಕೆ! ಅದನ್ನು ಮಗುವಿನ ಮುಖದ ಹತ್ತಿರ ಮೂರು ಸುತ್ತು ಸುತ್ತಿಸುವುದಂತೆ. ನೀರಿನ ಬಿಂದಿಗೆಗೆ ಎಲ್ಲರ ಲೋಟವೂ ಮುಳುಗುತ್ತಿತ್ತು, ನೊಣಗಳು ನಮಗಿಂತ ಮೊದಲು ಉಣ್ಣುತ್ತಿದ್ದವು. ಎಲ್ಲದಕ್ಕೂ ನನ್ನ ಬಾಯಲ್ಲಿ ಒಂದೇ: ಛೀ. ಮೂಗು ಏರಿಸಿ, ತುಟಿ ಓರೆ ಮಾಡಿ, ಛೀ. ಗಂಡ ಹಜಾರದ ಮಂಚದಲ್ಲಿ ಬಿದ್ದುಕೊಂಡು, "ನಾವು ಇದನ್ನೇ ತಿಂದು ಬೆಳೆದಿಲ್ವಾ? ಸತ್ತೋದ್ವಾ?" ಎನ್ನುತ್ತಿದ್ದ. ಅವನ ಕಾಲುಗಳನ್ನು ಕಂಡರೂ ನನಗೆ ಅಸಹ್ಯ. ಚಪ್ಪಲಿಯಿಲ್ಲದೆ ಬೀದಿಗೆ ಹೋಗಿ ಅದೇ ಕಾಲಲ್ಲಿ ಮಂಚ ಹತ್ತುತ್ತಿದ್ದ.

ಅಪ್ಪ ದಿನವೂ ಊಟದ ಹೊತ್ತಿಗೆ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಚಮಚ ಕೆಳಗಿಡುತ್ತಿರಲಿಲ್ಲ.

ಎಂಟನೆಯ ದಿನ ಅಪ್ಪ ಒಂದು ಗಿಲಕಿ ಮಾಡಿ ತಂದ. ಅಚ್ಚ ಹಳದಿ, ಮಗುವಿನ ಮುಷ್ಟಿಗೆ ಸರಿಯಾದ ಹಿಡಿ, ಒಳಗೆ ಗಲಗಲ ಎನ್ನುವ ಮಣಿ. ಮಗಳು ಕೈ ಚಾಚಿದಳು. ನಾನು ಅದನ್ನು ಎರಡು ಬೆರಳಲ್ಲಿ ತೆಗೆದುಕೊಂಡೆ. ಅದರ ಮೇಲೆ ಅಪ್ಪನ ಕೈಯ ಬೆವರು, ಹೊಟ್ಟು, ಇನ್ನೇನೇನೋ. ಟಿಶ್ಯೂಗೆ ಸ್ಯಾನಿಟೈಜರ್ ಸುರಿದು ಒಮ್ಮೆ ಒರೆಸಿದೆ, ಸಮಾಧಾನವಾಗದೆ ಇನ್ನೊಮ್ಮೆ ಸುರಿದು ಒರೆಸಿ, ಮಗುವಿನ ಕೈಗೆ ಕೊಟ್ಟೆ. ಕೊಟ್ಟ ತಕ್ಷಣ ಬಾಯಿಗೆ ಹೋಯಿತು.

ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅವಳ ತುಟಿ, ಗದ್ದ, ಅಂಗೈ ಎಲ್ಲ ಹಳದಿ. ಗಿಲಕಿ ಅಂಟಂಟಾಗಿ ಬೆರಳಿಗೆ ಮೆತ್ತಿಕೊಂಡಿತ್ತು. ನಾನು ಕಿರುಚಿಕೊಂಡೆ. ಅವಳ ಬಾಯಿಗೆ ಬೆರಳು ಹಾಕಿ ತೊಳೆದೆ, ಅವಳು ಉಸಿರು ಕಟ್ಟುವಂತೆ ಅತ್ತಳು. ಅಪ್ಪ ಲೇತ್ ನಿಲ್ಲಿಸಿ ಓಡಿ ಬಂದ.

"ಯಾವ ದರಿದ್ರ ಬಣ್ಣ ಹಾಕಿದೀಯಪ್ಪ ಇದಕ್ಕೆ? ಅಂಗಡಿಯೋರಿಗೆ ಮಾಡೋ ಕೆಮಿಕಲ್ ಪುಡೀನ ಮಗೂಗೂ ಹಾಕಿದೀಯಾ? ನಿಂಗೆ ಅಷ್ಟೂ ಗೊತ್ತಾಗಲ್ವಾ?"

ಅಪ್ಪ ನೆಲಕ್ಕೆ ಬಿದ್ದಿದ್ದ ಗಿಲಕಿಯನ್ನು ಎತ್ತಿಕೊಂಡು ತನ್ನ ಬಾಯಿಗೆ ಇಟ್ಟು ಚೀಪಿದ. ಮಣ್ಣು, ಮಗುವಿನ ಜೊಲ್ಲು, ಎಲ್ಲ ಸಮೇತ.

"ಅರಿಸ್ನ ಕಣವ್ವ" ಎಂದ. "ಅರಗು, ಅರಿಸ್ನ. ಬ್ಯಾರೆ ಏನೂ ಇಲ್ಲ. ನಾನೇ ಕಾಯ್ಸಿ ಮಾಡ್ದೆ." ಆಮೇಲೆ ಗಿಲಕಿಯನ್ನು ಮೂಗಿನ ಹತ್ತಿರ ಹಿಡಿದ. ನನ್ನ ಕೈಯಲ್ಲಿದ್ದ ಟಿಶ್ಯೂ ನೋಡಿದ. "ಸ್ಪಿರಿಟ್ ಹಾಕಿ ಒರಸ್ದಾ?"

ಅಷ್ಟೇ ಕೇಳಿದ್ದು. ಅರಗು ಬಿಡುವುದು ಸ್ಪಿರಿಟ್ಟಿಗೆ ಎಂದು ಅಕ್ಷರ ಕಲಿಯುವ ಮೊದಲೇ ಕಲಿತವಳು ನಾನು. ಭಾನುವಾರ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಕೈ ಚಾಚಿದರೆ, ಬಾಟಲಿಯಿಂದ ಸ್ಪಿರಿಟ್ ಹನಿಸಿ ಅವನ ಉಗುರು ಒರೆಸುವ ಕೆಲಸ ನನ್ನದಾಗಿತ್ತು. ಬೊಂಬೆಗೆ ತಾಗಿಸಬೇಡ, ಬಣ್ಣ ಎದ್ದು ಬರುತ್ತದೆ ಎಂದು ಅಪ್ಪ ಪ್ರತಿ ವಾರ ಹೇಳುತ್ತಿದ್ದ. ನಾನು ಸುರಿದಿದ್ದ ಸ್ಯಾನಿಟೈಜರೂ ಅದೇ ಸ್ಪಿರಿಟ್ಟು. ಬಾಟಲಿಯ ಮೇಲಿನ ಚೀಟಿಯನ್ನು ನಾನು ದಿನಾ ಓದುವವಳು.

ಆದರೂ ತಪ್ಪಾಯಿತು ಎನ್ನಲಿಲ್ಲ. ಹೇಸಿಗೆಪಡುವವರಿಗೆ ಒಂದು ಸೊಕ್ಕಿರುತ್ತದೆ, ನನಗೆ ಅದು ಇನ್ನೂ ಇಳಿದಿರಲಿಲ್ಲ. ಗಿಲಕಿಯನ್ನು ಅಪ್ಪ ಪಂಚೆಯಲ್ಲಿ ಒರೆಸಿಕೊಂಡು ಲೇತ್ ಹತ್ತಿರ ತೆಗೆದುಕೊಂಡು ಹೋದ.

ಮಾರನೆಯ ದಿನ ಲೇತ್ ಸದ್ದಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅತ್ತಿಗೆ ಸೊಪ್ಪು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: "ಮಾವ ಎರಡ್ ದಿನದಿಂದ ಕೆಲ್ಸ ಮುಟ್ಟಿಲ್ಲ ಕಣಮ್ಮಿ. ಉಗುರೆಲ್ಲ ಬುಡಕ್ಕೆ ಕತ್ತರಿಸ್ಕಂಡು, ಸ್ಪಿರಿಟ್ ಹಾಕ್ಕಂಡು, ಬಟ್ಟೆ ಉಜ್ಜೋ ಬ್ರಶ್ಶಾಗೆ ಕೈ ಉಜ್ಕತಾ ಕುಂತವ್ರೆ. ಚರ್ಮ ಕಿತ್ತೋಗೈತೆ. ನಾಳೆ ನೀವು ಒಂಟೋಯ್ತೀರಲ್ಲ, ಅದ್ಕೆ."

ಹೊರಡುವ ದಿನ ಮಧ್ಯಾಹ್ನ ಅಪ್ಪ ಎಲ್ಲರಿಗಿಂತ ಮೊದಲು ನೆಲಕ್ಕೆ ಕೂತು, ಬೆಂದ ಬೇಳೆಗೆ ಅನ್ನ ತುಪ್ಪ ಹಾಕಿ ಮೆತ್ತಗೆ ಕಲೆಸಿದ. ಅವನ ಕೈ ನೋಡಿದೆ. ಒಂದು ಚುಕ್ಕೆ ಬಣ್ಣವಿಲ್ಲ. ಬೆರಳ ತುದಿಗಳು ಬಿಳಿಚಿ, ಒಡೆದು, ಅಲ್ಲಲ್ಲಿ ಕೆಂಪಗೆ ಸುಲಿದಿದ್ದವು. ಲ್ಯಾಬಿನಲ್ಲಾದರೆ ಆ ಕೈ ಪಾಸು. ಆದರೆ ಅದು ನನ್ನ ಅಪ್ಪನ ಕೈಯಂತೆ ಕಾಣಲಿಲ್ಲ. ನಾನೇ ಮಗಳನ್ನು ಕರೆದುಕೊಂಡು ಹೋಗಿ ಅವನ ಎದುರು ಕೂರಿಸಿದೆ.

"ತಿನ್ನು ಪುಟ್ಟಿ. ತಾತ ಕೊಡ್ತಾರೆ, ಆ ಅನ್ನು."

ಅಪ್ಪ ಗುಬ್ಬಿಗೆ ಹಾಕುವಷ್ಟು ಸಣ್ಣ ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದ. ಮಗಳು ತುತ್ತನ್ನು ನೋಡಲಿಲ್ಲ. ಕೈಯನ್ನು ನೋಡಿದಳು. ತಲೆಯೆತ್ತಿ ನನ್ನ ಮುಖ ನೋಡಿದಳು. ಮೂಗು ಏರಿಸಿ, ತುಟಿ ಓರೆ ಮಾಡಿ, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಛೀ."

ಅವಳು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದು. ಮುಖ ನನ್ನದು, ದನಿ ನನ್ನದು. ಆ ಹತ್ತು ದಿನ ಯಾವುದನ್ನು ಕಂಡರೂ ಆಗದಷ್ಟು ಹೇಸಿಗೆ ನನಗೆ ನನ್ನ ಮೇಲೆಯೇ ಆಯಿತು.

ಅಪ್ಪ ನಕ್ಕ. "ಮಾತು ಬಂತಲ್ಲವ್ವ ನನ್ ಮಗೀಗೆ!" ಎಂದು ಎಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ. ಹಿಡಿದಿದ್ದ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡು ನುಂಗಿದ. ತಟ್ಟೆಯಲ್ಲಿದ್ದುದನ್ನು ನನ್ನ ಕಡೆ ಸರಿಸಿ, "ಚಮಚದಾಗೇ ಉಣ್ಣುಸವ್ವ, ಮಗ ಅಸ್ಕಂಡೈತೆ" ಎಂದು ಎದ್ದು ಬಚ್ಚಲಿಗೆ ಹೋಗಿ, ಆ ಸುಲಿದ ಕೈಗಳಿಗೆ ಮತ್ತೆ ಸೋಪು ಹಚ್ಚಿ ತೊಳೆಯತೊಡಗಿದ.