ನಾನು ಅಳಿಸುತ್ತಾ ಬಂದಿದ್ದ ಲಿನಕ್ಸ್

2019ರಲ್ಲಿ ನಾನು ಶಿರಾದಲ್ಲಿ ಹಾರ್ಡ್‌ವೇರ್ ಸರ್ವೀಸ್ ಎಂಜಿನಿಯರ್. ಮಧುಗಿರಿ, ಕೊರಟಗೆರೆ, ಪಾವಗಡ ಸೇರಿ ನಾಲ್ಕು ತಾಲ್ಲೂಕಿನ ಆಫೀಸು, ಆಸ್ಪತ್ರೆಗಳ ಕಂಪ್ಯೂಟರ್‌ಗಳಿಗೆ ನಾನೇ ನಾಟಿ ವೈದ್ಯ. ಹೊಸ ಕಂಪ್ಯೂಟರ್ ಬಂದರೆ ನನ್ನ ಮೊದಲ ಕೆಲಸ, ಅದರೊಳಗೆ ಪುಕ್ಕಟೆಯಾಗಿ ಬಂದಿರುತ್ತಿದ್ದ ಲಿನಕ್ಸ್ ಅಳಿಸಿ ವಿಂಡೋಸ್ ಹಾಕುವುದು. ಎರಡೂ ಕಂಪ್ಯೂಟರನ್ನು ನಡೆಸುವ ತಂತ್ರಾಂಶಗಳೇ. "ಇದನ್ನ ಯಾರೂ ಬಳಸಲ್ಲ ಬುಡಿ ಸಾರ್" ಎನ್ನುತ್ತಿದ್ದೆ. ಹದಿನೆಂಟು ವರ್ಷ ಹಾಗೇ ನಂಬಿಕೊಂಡಿದ್ದೆ.

ಒಂದು ಬೆಳಗ್ಗೆ ಶಿರಾದ ಖಾಸಗಿ ಆಸ್ಪತ್ರೆಯೊಂದರಿಂದ ಫೋನು ಬಂತು. ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹೊಕ್ಕು ಒಂಬತ್ತೂ ಕಂಪ್ಯೂಟರ್ ಮಲಗಿದ್ದವು. ನಾನು ಹೋಗುವಷ್ಟರಲ್ಲಿ ಬರಗೂರಿನ ಚಿಕ್ಕಣ್ಣ ಎಂಬ ರೈತನನ್ನು ಕರೆತಂದಿದ್ದರು. ಕಾಲಿನ ಗಾಯ ಕೀವಾಗಿ ನಂಜು ಮೈಗೇರುತ್ತಿತ್ತು. ತಡಮಾಡದೆ ಇಂಜೆಕ್ಷನ್ ಕೊಡಬೇಕಿತ್ತು. ಆದರೆ ಆತನ ಹೆಂಡತಿ ರಂಗಮ್ಮ ಡಾಕ್ಟರಿಗೆ ಅಡ್ಡ ನಿಂತರು.

"ಹೋದ್ಸಲ ಇಲ್ಲೇ ಒಂದು ಸೂಜಿ ಕೊಟ್ಟಾಗ ಉಸ್ರು ಕಟ್ಟಿ ಜೀವ ಹೋಗಿ ಬಂತು ಸ್ವಾಮಿ. ಅದ್ರ ಹೆಸ್ರು ನಂಗೊತ್ತಿಲ್ಲ. ನೀವೇ ಕಂಪ್ಯೂಟರ್‌ನಾಗೆ ಬರ್ಕೊಂಡ್ರಲ್ಲ, ನೋಡಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಎಲ್ಲಾ ಹೋಗೈತೆ ಸಾರ್, ಎರಡು ದಿನ ಬೇಕು" ಎಂದುಬಿಟ್ಟೆ.

ನರ್ಸ್ ಶಮೀಮ್ ಒಪ್ಪಲಿಲ್ಲ. "ಅರೆ, ನಾನು ಇಲ್ಲಿ ಬರೆದಿದ್ದು ಮೇಲಿನ ವಾರ್ಡಲ್ಲೂ ಕಾಣ್ತದಲ್ಲ ಸಾರ್? ಹಂಗಾದ್ರೆ ಅದು ಬೇರೆ ಎಲ್ಲೋ ಇರ್ಬೇಕಲ್ವಾ?"

ಗಾಬರಿಯಲ್ಲಿ ನನಗದು ಹೊಳೆದಿರಲಿಲ್ಲ, ನಾಚಿಕೆಯಾಯಿತು. ಕಂಪ್ಯೂಟರಿನ ಹಿಂದಿನ ನೆಟ್‌ವರ್ಕ್ ಕೇಬಲ್ಲಿನ ಜಾಡು ಹಿಡಿದು ಹೊರಟೆವು. ಅದು ಔಷಧಿ ಸ್ಟೋರಿನ ಮೂಲೆಯಲ್ಲಿ, ಪರದೆಯೂ ಕೀಬೋರ್ಡೂ ಇಲ್ಲದ ಒಂದು ಕಪ್ಪು ಡಬ್ಬಿಗೆ ಹೋಗಿ ಸೇರಿತ್ತು. ಡಬ್ಬಿಯ ಮೈತುಂಬ ಅರಿಸಿನ ಕುಂಕುಮ, ಮೇಲೆ ಒಣಗಿದ ಚೆಂಡುಹೂ. ಪ್ರತಿ ಆಯುಧಪೂಜೆಗೂ ಆಸ್ಪತ್ರೆಯ ಆಯಾ ಪೂಜೆ ಮಾಡುತ್ತಿದ್ದರಂತೆ. ಎಲ್ಲರೂ ಅದನ್ನು ಯುಪಿಎಸ್ ಅಂದುಕೊಂಡಿದ್ದರು, ನಾನೂ. ಒಂದು ಮಾನಿಟರ್ ತಂದು ಸಿಕ್ಕಿಸಿದೆ. ಕಪ್ಪು ಪರದೆಯ ಮೇಲೆ ಲಿನಕ್ಸ್ ಎಂಬ ಹೆಸರು! ಇದೇ ಸರ್ವರ್, ಅಂದರೆ ದಾಖಲೆಗಳನ್ನೆಲ್ಲ ಇಟ್ಟುಕೊಂಡು ಕೇಳಿದ ಕಂಪ್ಯೂಟರಿಗೆ ಕೊಡುವ ಯಂತ್ರ. ವಿಂಡೋಸ್‌ಗೆಂದೇ ಬರೆದಿದ್ದ ವೈರಸ್ ಅದನ್ನು ಮುಟ್ಟಿರಲಿಲ್ಲ.

ಡಬ್ಬಿಯ ಮೇಲೆ, ಕುಂಕುಮದಡಿ ಅಂಟಿಸಿದ್ದ ನೆಟ್‌ವರ್ಕ್ ವಿಳಾಸವನ್ನು ಶಮೀಮ್ ತಮ್ಮ ಮೊಬೈಲಿನಲ್ಲಿ ಆಸ್ಪತ್ರೆಯ ವೈಫೈ ಮೂಲಕ ತೆರೆದು, ಎಂದಿನ ಪಾಸ್‌ವರ್ಡ್ ಹಾಕಿದರು. ಚಿಕ್ಕಣ್ಣನ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ಬಂತು: ಪೆನಿಸಿಲಿನ್ ಕೊಡಕೂಡದು. ಅದೇ ಜಾತಿಯ ಔಷಧಿ ಆಗಲೇ ಟ್ರೇಯಲ್ಲಿ ಸಿದ್ಧವಾಗಿತ್ತು. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು ಬೇರೆ ಬರೆದರು.

ಸಂಜೆ, ಆ ಸರ್ವರ್ ಕೂರಿಸಿದ್ದ ಬೆಂಗಳೂರಿನವರನ್ನು ಫೋನಿನಲ್ಲಿ ಕೇಳಿಕೊಂಡು ಒಳಗೆ ನೋಡಿದೆ. ಒಮ್ಮೆಯೂ ನಿಲ್ಲದೆ 1,041 ದಿನ ಓಡಿತ್ತು. ಜಗತ್ತಿನ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್‌ನಲ್ಲೇ ನಡೆಯುತ್ತವೆ, ಶಮೀಮ್ ಕೈಲಿದ್ದ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಅದೇ ಎಂದು ಬೆಂಗಳೂರಿನವರು ಹೇಳಿದಾಗ ಬೆರಗಾಗಿ ಕುಳಿತೆ. ಮೇಜಿನ ಮೇಲೆ ಕಾಣದ್ದು ಎಲ್ಲೂ ಇಲ್ಲ ಎಂದುಕೊಂಡಿದ್ದ ಬಾವಿ ಕಪ್ಪೆ ನಾನು.

ನಾಲ್ಕನೇ ದಿನ ಚಿಕ್ಕಣ್ಣ ಎದ್ದು ಕೂತು ಮುದ್ದೆ ಕೇಳಿದ. ಶಮೀಮ್ ನಕ್ಕು ನನ್ನನ್ನು ಕೆಣಕಿದರು: "ಈ ಒಂಬತ್ತರಲ್ಲೂ ಮೊದ್ಲು ಲಿನಕ್ಸೇ ಇತ್ತಲ್ವಾ ಸಾರ್? ನೀವೇ ತೆಗ್ದಿದ್ದು?"

ಹೌದೆಂದು ತಲೆಯಾಡಿಸಿದೆ. ಏನನ್ನಾದರೂ ಅಳಿಸುವ ಮುನ್ನ, ಅದು ಎಲ್ಲೆಲ್ಲಿ ಯಾರ ಜೀವ ಕಾಯುತ್ತಿದೆಯೋ ವಿಚಾರಿಸಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಆ ವರ್ಷದ ಆಯುಧಪೂಜೆಗೆ, ಆಯಾಗಿಂತ ಮೊದಲೇ ಹೂ ಹಿಡಿದು ಸ್ಟೋರಿಗೆ ಹೋದವನು ನಾನು.